ಎರಡನೇ ಕಣ್ಣಿಗೆ ಕತ್ತರಿ ಬೇಡ

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗರಾಜು ತಮ್ಮ ನಿರ್ದೇಶಕ ಮಂಡಳಿಗೆ ಬರೆದ ಪತ್ರ ದೇಶದ ಉದ್ಯಮಲೋಕವನ್ನು ನಡುಗಿಸಿತು. ನಗದು ಮತ್ತು ಬ್ಯಾಂಕ್ ಶಿಲ್ಕು ಎಂದು ಲೆಕ್ಕಪತ್ರದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಎಲ್ಲೂ ಇಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು. ಹಿಂದಿನ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳಲ್ಲಿ 649 ಕೋಟಿ ರೂಪಾಯಿ ಕಾರ್ಯಾಚರಣೆ ಲಾಭ ಬಂದಿದೆ ಎಂದು ಷೇರುದಾರರಿಗೆ ಹೇಳಲಾಗಿತ್ತು. ನಿಜವಾಗಿ ಬಂದದ್ದು 61 ಕೋಟಿ. ಆ ಒಂದೇ ದಿನ ಷೇರಿನ ಬೆಲೆ ಮುಕ್ಕಾಲು ಪಾಲಿಗೂ ಹೆಚ್ಚು ಕುಸಿಯಿತು. ಜಗತ್ತು ಆಗ ಆರ್ಥಿಕ ಹಿಂಜರಿತದಲ್ಲಿ ಮುಳುಗಿತ್ತು. ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾಗಿ ನಾಲ್ಕು ತಿಂಗಳು ತುಂಬಿರಲಿಲ್ಲ. ನ್ಯೂಯಾರ್ಕಿನಲ್ಲಿ ಹೂಡಿಕೆದಾರರನ್ನು ವಂಚಿಸಿದ ಬರ್ನಾರ್ಡ್ ಮೇಡಾಫ್ ಬಂಧನವಾಗಿ ನಾಲ್ಕು ವಾರವೂ ಕಳೆದಿರಲಿಲ್ಲ. ಹಾಗಾಗಿ ಇವೆಲ್ಲ ಹಿಂಜರಿತ ಹುಟ್ಟಿಸಿದ ಹಗರಣಗಳು ಎಂಬ ಭಾವನೆ ಸುಲಭವಾಗಿ ಬೇರೂರಿತು. ತಾರೀಖುಗಳು ಬೇರೆಯದನ್ನೇ ಹೇಳುತ್ತವೆ. ಸತ್ಯಂನ ಲೆಕ್ಕದಲ್ಲಿದ್ದ ಕಂದಕ ಹಲವು ವರ್ಷಗಳಿಂದ, ಅಂದರೆ ಐಟಿ ಉದ್ಯಮದ ಸುಗ್ಗಿಯ ಕಾಲದಲ್ಲೇ, ಹಿಗ್ಗುತ್ತ ಬಂದಿತ್ತು. 2008ರ ಡಿಸೆಂಬರಿನಲ್ಲಿ ಕುಟುಂಬದ್ದೇ ಆದ ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನು ಕೊಂಡು ಆ ಕಂದಕ ಮುಚ್ಚುವ ಪ್ರಯತ್ನ ನಡೆಯಿತು. ಷೇರುದಾರರು ಸಿಟ್ಟಿಗೆದ್ದು ಅದೂ ಕೈಗೂಡಲಿಲ್ಲ. ಮೇಡಾಫ್‌ನ ಮೋಸಕ್ಕೂ ದಶಕಗಳ ವಯಸ್ಸಾಗಿತ್ತು. ಮಾರುಕಟ್ಟೆ ಕುಸಿದು ಹೂಡಿಕೆದಾರರು ಸುಮಾರು 700 ಕೋಟಿ ಡಾಲರ್ ವಾಪಸ್ ಕೇಳಿದಾಗಲೇ ಪೆಟ್ಟಿಗೆ ಬರಿದಾಗಿರುವುದು ಹೊರಬಿದ್ದದ್ದು.

ಕೆರೆ ತುಂಬಿದಾಗ ತೂಬಿನ ಸೋರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ನೀರು ಇಳಿದಾಗಲೇ ಎಲ್ಲಿಂದ ಎಷ್ಟು ಹರಿದು ಹೋಯಿತು ಎಂಬ ಪ್ರಶ್ನೆ ಏಳುತ್ತದೆ. 1929ರ ಅಮೆರಿಕದ ಮಹಾಕುಸಿತದ ಬಗ್ಗೆ ಬರೆಯುತ್ತ ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೈತ್ ಇದೇ ಸಂಗತಿಯನ್ನು ವಿವರಿಸಿದ್ದರು. ಮುಂದೆ ಅವರು ಭಾರತದಲ್ಲಿ ಅಮೆರಿಕದ ರಾಯಭಾರಿಯೂ ಆದರು. ಅವರ ವಾದ ಇಷ್ಟು: ಕಳವಾದ ಹೊತ್ತಿಗೂ ಕಳವು ಗೊತ್ತಾಗುವ ಹೊತ್ತಿಗೂ ನಡುವೆ ವರ್ಷಗಳೇ ಇರಬಹುದು. ಹಣ ಸಲೀಸಾಗಿ ಹರಿಯುವ ದಿನಗಳಲ್ಲಿ ಯಾರೂ ಹೆಚ್ಚು ಪ್ರಶ್ನೆ ಕೇಳುವುದಿಲ್ಲ, ಪತ್ತೆಯಾಗದ ಕಳವಿನ ರಾಶಿ ಬೆಳೆಯುತ್ತದೆ. ಕಷ್ಟಕಾಲದಲ್ಲಿ ಪ್ರತಿ ರೂಪಾಯಿಯನ್ನೂ ಅನುಮಾನದಿಂದ ನೋಡಲಾಗುತ್ತದೆ, ರಾಶಿ ಕರಗುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಇದನ್ನೇ ಪೂರ್ತಿ ನಂಬಿ ಕುಳಿತರೆ, ಹಿಂಜರಿತ ತಾನಾಗಿಯೇ ಮನೆ ಗುಡಿಸಿಕೊಡುತ್ತದೆ ಎಂಬ ಹುಸಿ ನೆಮ್ಮದಿ ಬರುತ್ತದೆ. ಹಾಗಾಗುವುದಿಲ್ಲ. ಹಳೆಯ ಮೋಸ ಬಯಲಾಗುವ ಅದೇ ದಿನಗಳಲ್ಲಿ ಹೊಸ ಮೋಸಕ್ಕೆ ನೆಲ ಹದವಾಗುತ್ತಿರುತ್ತದೆ. ಅದನ್ನು ಹದ ಮಾಡುವವರು ಹೆಚ್ಚಿನ ಸಲ ಉದ್ಯಮದ ಯಜಮಾನರೇ, ಅದೂ ಉಳಿತಾಯದ ಹೆಸರಿನಲ್ಲಿ.

ಹೇಗೆಂದು ನೋಡೋಣ. ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸಿ, ನಂಬಿಕೆಯ ಹುದ್ದೆಯಲ್ಲಿದ್ದು ಹಣ ನುಂಗಿ ಸೆರೆಮನೆ ಸೇರಿದವರನ್ನು ಮಾತನಾಡಿಸಿ 1953ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇವತ್ತಿಗೂ ವಂಚನೆಯ ಚರ್ಚೆ ಅಲ್ಲಿಂದಲೇ ಶುರುವಾಗುತ್ತದೆ. ಪ್ರಾಮಾಣಿಕನಾಗಿದ್ದವನು ಮೋಸಕ್ಕೆ ಇಳಿಯಬೇಕಾದರೆ ಮೂರು ಸಂಗತಿ ಕೂಡಬೇಕು: ಯಾರ ಬಳಿಯೂ ಹೇಳಿಕೊಳ್ಳಲಾಗದ ಹಣದ ಒತ್ತಡ, ಸಿಕ್ಕಿಬೀಳದೆ ಮಾಡಬಹುದಾದ ಅವಕಾಶ, ಮತ್ತು ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳುವ ಸಮಜಾಯಿಷಿ. ಹಿಂಜರಿತದಲ್ಲಿ ಒತ್ತಡ ತಾನಾಗಿ ಏರುತ್ತದೆ. ಓವರ್‌ಟೈಮ್ ನಿಂತಿರುತ್ತದೆ, ಮನೆ ಸಾಲದ ಕಂತು ನಿಂತಿರುವುದಿಲ್ಲ. ಸಮಜಾಯಿಷಿಯೂ ಸುಲಭವಾಗುತ್ತದೆ: ಎರಡು ತಿಂಗಳ ಸಂಬಳ ಬಾಕಿ ಇದೆ, ತೆಗೆದುಕೊಂಡದ್ದು ನನ್ನದೇ ಹಣ, ಈಗ ಕೈಸಾಲ ಎಂದುಕೊಳ್ಳೋಣ, ಆಮೇಲೆ ತುಂಬಿದರಾಯಿತು. ಈ ಎರಡನ್ನೂ ಯಜಮಾನ ಪೂರ್ತಿಯಾಗಿ ತಡೆಯಲಾರ. ಅವನ ಕೈಯಲ್ಲಿರುವುದು ಮೂರನೆಯದು, ಅವಕಾಶ. ದುರಂತವೆಂದರೆ ಕಷ್ಟ ಬಂದಾಗ ಅವನು ಆ ಬಾಗಿಲನ್ನೇ ತೆರೆದಿಡುತ್ತಾನೆ. ವ್ಯಾಪಾರ ತಂದುಕೊಡುವವರನ್ನು ಉಳಿಸಿಕೊಂಡು, ತಾಳೆ ನೋಡುವವರನ್ನು ಮೊದಲು ಮನೆಗೆ ಕಳಿಸುತ್ತಾನೆ. ಮೂವರು ಮಾಡುತ್ತಿದ್ದ ಲೆಕ್ಕಪತ್ರದ ಕೆಲಸ ಒಬ್ಬರ ಹೆಗಲೇರುತ್ತದೆ. ಬಿಲ್ ಪಾಸು ಮಾಡುವವರೇ ಚೆಕ್ ಬರೆಯುತ್ತಾರೆ, ಚೆಕ್ ಬರೆದವರೇ ತಿಂಗಳ ಕೊನೆಯಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಹೊಂದಿಸುತ್ತಾರೆ. ಎಸಿಎಫ್‌ಇ ಎಂಬ ವಂಚನೆ ಪರಿಶೋಧಕರ ಅಂತರರಾಷ್ಟ್ರೀಯ ಸಂಘ 2009ರಲ್ಲಿ ತನ್ನ ಸದಸ್ಯರನ್ನು ಕೇಳಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ಹಿಂಜರಿತದಲ್ಲಿ ವಂಚನೆ ಏರಿದೆ ಎಂದರು. ಅದು ಅನುಭವಸ್ಥರ ಅಭಿಪ್ರಾಯವೇ ಹೊರತು ಪ್ರಕರಣಗಳ ಎಣಿಕೆಯಲ್ಲ. ಅಷ್ಟಕ್ಕಷ್ಟೇ ತೂಕ ಕೊಡೋಣ. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಉತ್ತರವಿತ್ತು: ಸಿಬ್ಬಂದಿ ಕಡಿತ ಮಾಡಿದ ಸಂಸ್ಥೆಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡೆ ಒಳಗಿನ ತಪಾಸಣೆಯ ಏರ್ಪಾಡುಗಳೂ ಕಡಿತದ ಜೊತೆಗೇ ಹೋಗಿದ್ದವು. ಇದು ಅಭಿಪ್ರಾಯದ ಮಾತಲ್ಲ, ತಮ್ಮ ಸಂಸ್ಥೆಯಲ್ಲಿ ಕಣ್ಣಾರೆ ಕಂಡದ್ದು.

ನನ್ನ ವಾದ ನಿಂತಿರುವುದೂ ಇದರ ಮೇಲೆಯೇ. ಹಿಂಜರಿತದಲ್ಲಿ ಯಾವ ಖರ್ಚಿಗಾದರೂ ಕತ್ತರಿ ಹಾಕಿ, ಎರಡನೇ ಕಣ್ಣಿಗೆ ಮಾತ್ರ ಹಾಕಬೇಡಿ. ಎರಡನೇ ಕಣ್ಣು ಎಂದರೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಬೇರೆ ದಾರಿಯಿಂದ ನೋಡುವುದು. ಈ ‘ಬೇರೆ ದಾರಿ’ ಎಂಬುದೇ ಮುಖ್ಯ. ಸತ್ಯಂನಲ್ಲಿ ಕಣ್ಣುಗಳಿಗೆ ಬರವಿರಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ ಅದು. ಹೆಸರಾಂತ ಸ್ವತಂತ್ರ ನಿರ್ದೇಶಕರಿದ್ದರು, ಜಾಗತಿಕ ಖ್ಯಾತಿಯ ಲೆಕ್ಕಪರಿಶೋಧನಾ ಬಳಗದ ಸಂಸ್ಥೆಯಿತ್ತು, ಉತ್ತಮ ಆಡಳಿತಕ್ಕೆಂದು 2008ರಲ್ಲೇ ಗೋಲ್ಡನ್ ಪೀಕಾಕ್ ಪ್ರಶಸ್ತಿ ಕೂಡ ಬಂದಿತ್ತು. ಆದರೂ ಸಾವಿರಾರು ನಕಲಿ ಇನ್‌ವಾಯ್ಸ್‌ಗಳು, ಇಲ್ಲದ ಠೇವಣಿಗಳು ಯಾರಿಗೂ ಕಾಣಲಿಲ್ಲ. ಕಾರಣವನ್ನು ಅಮೆರಿಕದ ಷೇರು ನಿಯಂತ್ರಣ ಆಯೋಗ 2011ರ ತನ್ನ ಆದೇಶದಲ್ಲಿ ಬಿಡಿಸಿಟ್ಟಿತು. ಬ್ಯಾಂಕಿನಲ್ಲಿ ಹಣ ಇದೆಯೇ ಎಂದು ಲೆಕ್ಕಪರಿಶೋಧಕರು ನೇರವಾಗಿ ಬ್ಯಾಂಕನ್ನೇ ಕೇಳಿ ಉತ್ತರ ಪಡೆಯಬೇಕಿತ್ತು. ಆ ಕಾಗದ ಕಳಿಸುವ, ತರಿಸುವ ಹಿಡಿತವನ್ನು ಅವರು ಸತ್ಯಂನ ಕೈಗೇ ಬಿಟ್ಟಿದ್ದರು. ತಪಾಸಣೆಗೆ ಒಳಗಾದವರೇ ತಪಾಸಣೆಯ ಸಾಕ್ಷ್ಯ ತಂದುಕೊಟ್ಟರು. ಕಣ್ಣು ಎರಡಿದ್ದರೂ ಎರಡನೆಯದು ಮೊದಲನೆಯದರ ಕನ್ನಡಕ ಹಾಕಿಕೊಂಡು ನೋಡಿತು. 2018ರಲ್ಲಿ ಬೆಳಕಿಗೆ ಬಂದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣದಲ್ಲೂ ಆದದ್ದು ಇದೇ. ಮುಂಬೈನ ಒಂದು ಶಾಖೆಯಿಂದ ವಿದೇಶಿ ಸಾಲಕ್ಕೆ ಖಾತರಿಪತ್ರಗಳು ಬ್ಯಾಂಕುಗಳ ನಡುವಿನ ಸ್ವಿಫ್ಟ್ ಜಾಲದ ಸಂದೇಶಗಳಾಗಿ ಹೋಗುತ್ತಿದ್ದವು. ಆ ಸ್ವಿಫ್ಟ್ ವ್ಯವಸ್ಥೆಗೂ ಬ್ಯಾಂಕಿನ ಮುಖ್ಯ ಲೆಕ್ಕದ ಸಾಫ್ಟ್‌ವೇರಿಗೂ ಸಂಪರ್ಕವೇ ಇರಲಿಲ್ಲ. ಒಂದು ಪುಸ್ತಕದಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲ ಎಂಬುದನ್ನು ವರ್ಷಗಟ್ಟಲೆ ಯಾರೂ ತಾಳೆ ಹಾಕಲಿಲ್ಲ. ಅದೇ ಕುರ್ಚಿಯಲ್ಲಿ ವರ್ಷಗಳ ಕಾಲ ಕೂತಿದ್ದ ಅಧಿಕಾರಿ ನಿವೃತ್ತರಾಗಿ, ಹೊಸಬರು ಬಂದು, ಖಾತರಿಗೆ ಪೂರ್ತಿ ಮಾರ್ಜಿನ್ ಹಣ ಇಡಿ ಎಂದು ಕೇಳಿದ ಮೇಲೆ ಗುಟ್ಟು ರಟ್ಟಾಯಿತು. ಹದಿಮೂರು ಸಾವಿರ ಕೋಟಿ ದಾಟಿದ ವಂಚನೆಯನ್ನು ಹೊರಗೆಳೆದದ್ದು ಒಂದು ಹೊಸ ಕಣ್ಣಿನ ಸಾಧಾರಣ ಪ್ರಶ್ನೆ.

ಇವು ಸಾವಿರ ಕೋಟಿಗಳ ಕಥೆ, ಪೀಣ್ಯದ ವರ್ಕ್‌ಶಾಪಿಗೋ ದಾವಣಗೆರೆಯ ಸಗಟು ಅಂಗಡಿಗೋ ಇದರಿಂದ ಏನಾಗಬೇಕು ಎನ್ನಬಹುದು. ಮೊತ್ತ ಬೇರೆ, ತೂತು ಒಂದೇ. ದೊಡ್ಡ ಕಂಪನಿ ಪೆಟ್ಟು ತಿಂದರೂ ಎದ್ದು ನಿಲ್ಲಬಹುದು. ಹತ್ತು ಜನರ ಘಟಕದಲ್ಲಿ ಹತ್ತು ಲಕ್ಷ ಸೋರಿದರೆ ಅದು ಆ ವರ್ಷದ ಪೂರ್ತಿ ಲಾಭವಾಗಿರಬಹುದು. ಸಣ್ಣ ಉದ್ಯಮದಲ್ಲಿ ಹಣ ಸೋರುವ ಜಾಗಗಳೂ ಬೆರಳೆಣಿಕೆಯವು. ಮೊದಲನೆಯದು ಸರಬರಾಜುದಾರರ ಪಟ್ಟಿ: ಇಲ್ಲದ ಪೂರೈಕೆದಾರನ ಹೆಸರಿನಲ್ಲಿ ಬಿಲ್ ಹುಟ್ಟುತ್ತದೆ, ಅಥವಾ ಇರುವವನ ಬಿಲ್ಲೇ ಎರಡು ಸಲ ಪಾಸಾಗುತ್ತದೆ. ಎರಡನೆಯದು ವಸೂಲಿ: ಗಿರಾಕಿ ಕೊಟ್ಟ ಹಣ ಜಮಾ ಆಗದೆ, ಮುಂದಿನ ಗಿರಾಕಿಯ ಹಣದಲ್ಲಿ ಹಿಂದಿನವನ ಬಾಕಿ ಮುಚ್ಚುತ್ತ ಹೋಗುತ್ತದೆ. ಮೂರನೆಯದು ದಾಸ್ತಾನು, ನಾಲ್ಕನೆಯದು ಸಂಬಳದ ಪಟ್ಟಿ. ಐದನೆಯದು ಹೊರಗಿನಿಂದ ಬರುವಂಥದ್ದು, ಈ ದಿನಗಳಲ್ಲಿ ಅತಿ ವೇಗವಾಗಿ ಹಣ ಕೊಂಡೊಯ್ಯುವಂಥದ್ದು: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಾಕಿ ಎಂದು ಪರಿಚಿತ ಪೂರೈಕೆದಾರರ ಹೆಸರಿನಲ್ಲಿ ಬರುವ ಮೇಲ್. 2016ರಲ್ಲಿ ವಿಮಾನದ ಬಿಡಿಭಾಗ ಮಾಡುವ ಆಸ್ಟ್ರಿಯಾದ ಎಫ್‌ಎಸಿಸಿ ಕಂಪನಿ, ಮುಖ್ಯಸ್ಥರ ಸೋಗಿನಲ್ಲಿ ಬಂದ ಮೇಲ್ ನಂಬಿ ಸುಮಾರು 5 ಕೋಟಿ ಯೂರೊ ಕಳಿಸಿಬಿಟ್ಟಿತು. ಇಂಥ ಮೇಲ್ ವಂಚನೆಗಳಲ್ಲಿ 2023ರೊಂದರಲ್ಲೇ 290 ಕೋಟಿ ಡಾಲರ್ ನಷ್ಟವಾದ ದೂರುಗಳು ಅಮೆರಿಕದ ಎಫ್‌ಬಿಐಗೆ ಬಂದಿವೆ. ವ್ಯಾಪಾರ ತಗ್ಗಿದಾಗ ಈ ಬಲೆಗೆ ಬೀಳುವುದು ಇನ್ನೂ ಸುಲಭ. ಪೂರೈಕೆದಾರನಿಗೆ ಬಾಕಿ ಉಳಿಸಿಕೊಂಡವನು, ಅವನು ಕೇಳಿದ ತಕ್ಷಣ ಮುಲಾಜಿಗೆ ಬಿದ್ದು ಪಾವತಿಸುತ್ತಾನೆ.

ಈ ಐದಕ್ಕೂ ಮದ್ದು ಒಂದೇ ಸೂತ್ರದ್ದು, ದುಬಾರಿಯೂ ಅಲ್ಲ. ಹೊಸ ಖಾತೆಯ ಸುದ್ದಿ ಮೇಲ್‌ನಲ್ಲಿ ಬಂದರೆ ಆ ಮೇಲ್‌ನಲ್ಲಿರುವ ನಂಬರಿಗಲ್ಲ, ನಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳುವುದು. ಆರ್‌ಟಿಜಿಎಸ್, ನೆಫ್ಟ್ ಮೂಲಕ ಹಣ ಕಳಿಸುವ ಮುನ್ನ ಖಾತೆದಾರರ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಹಾಗೆ ಹೆಸರು ನೋಡಲು ಬೇಕಾದ ಒಂದು ನಿಮಿಷವನ್ನು ಉಳಿಸಲು ಹೋಗದಿರುವುದು. ನೆಟ್ ಬ್ಯಾಂಕಿಂಗ್‌ನಲ್ಲಿ ಪಾವತಿ ದಾಖಲಿಸುವವರು ಒಬ್ಬರು, ಒಪ್ಪಿಗೆ ಒತ್ತುವವರು ಇನ್ನೊಬ್ಬರು ಎಂದು ಮಾಡಿಸಿಕೊಳ್ಳುವುದು. 50 ಸಾವಿರ ಮತ್ತು ಅದಕ್ಕೂ ಮೇಲಿನ ಚೆಕ್ಕುಗಳಿಗೆ 2021ರಿಂದ ಇರುವ ಪಾಸಿಟಿವ್ ಪೇ ವ್ಯವಸ್ಥೆಯಲ್ಲಿ ವಿವರವನ್ನು ಮೊದಲೇ ಬ್ಯಾಂಕಿಗೆ ತಿಳಿಸುವುದು. ಪೂರೈಕೆದಾರರ ಬಿಲ್ಲುಗಳನ್ನು ಪ್ರತಿ ತಿಂಗಳು, ಅವರೇ ಸಲ್ಲಿಸಿದ ವಿವರಗಳಿಂದ ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಜೊತೆ ಹೋಲಿಸುವುದು ತೆರಿಗೆಯ ಕೆಲಸ ಎಂದೇ ಹಲವರು ತಿಳಿದಿದ್ದಾರೆ; ಅಸಲಿಗೆ ಅದು ಪುಕ್ಕಟೆ ಸಿಕ್ಕ ಎರಡನೇ ಕಣ್ಣು. ನಮ್ಮ ಪುಸ್ತಕದಲ್ಲಿರುವ ಜಿಎಸ್‌ಟಿ ಬಿಲ್ಲು ಅಲ್ಲಿ ಇಲ್ಲವೆಂದರೆ ಒಂದೋ ಪೂರೈಕೆದಾರ ತೋರಿಸಿಲ್ಲ, ಇಲ್ಲವೇ ಅಂಥ ಪೂರೈಕೆದಾರನೇ ಇಲ್ಲ. ಪೂರೈಕೆದಾರ ತೆರಿಗೆ ಕಟ್ಟದೆ ಕೈಯೆತ್ತಿದರೆ ಹೂಡುವಳಿ ತೆರಿಗೆಯ ಜಮಾ ಕಳೆದುಕೊಳ್ಳುವವನು ಕೊಂಡವನೇ ಆದ್ದರಿಂದ, ಈ ಹೋಲಿಕೆ ಎರಡು ನಷ್ಟಗಳನ್ನು ಒಟ್ಟಿಗೇ ತಡೆಯುತ್ತದೆ. ಇಷ್ಟಾಗಿಯೂ ಹಣ ಹೋದರೆ, ಗೊತ್ತಾದ ಗಳಿಗೆಯಲ್ಲೇ ಸೈಬರ್ ವಂಚನೆಯ 1930 ಸಹಾಯವಾಣಿಗೆ ಮತ್ತು ಬ್ಯಾಂಕಿಗೆ ತಿಳಿಸಬೇಕು. ಮಾನ ಹೋಗುತ್ತದೆ ಎಂದು ಒಂದು ದಿನ ಸುಮ್ಮನಿದ್ದರೆ ಹಣ ಹತ್ತು ಖಾತೆ ದಾಟಿರುತ್ತದೆ.

ಮೊದಲ ಆಕ್ಷೇಪ ನ್ಯಾಯವಾದದ್ದು: ಇರುವ ಒಬ್ಬ ಅಕೌಂಟೆಂಟ್ ಸಂಬಳಕ್ಕೇ ಕಷ್ಟವಿರುವಾಗ ಇನ್ನೊಬ್ಬರನ್ನು ಎಲ್ಲಿಂದ ತರುವುದು? ತರಬೇಕಿಲ್ಲ. ಎರಡನೇ ಕಣ್ಣಿಗೆ ಎರಡನೇ ಸಂಬಳವೇ ಬೇಕೆಂದಿಲ್ಲ. ಇರುವವರ ನಡುವೆಯೇ ಕೆಲಸವನ್ನು ಅಡ್ಡಡ್ಡ ಹಂಚಿದರೆ ಸಾಕು. ಗೋದಾಮಿನವರು ದಾಸ್ತಾನು ಪುಸ್ತಕ ಬರೆದರೆ, ಎಣಿಸಲು ಲೆಕ್ಕದವರು ಹೋಗಲಿ. ಲೆಕ್ಕದವರು ಜಮಾಖರ್ಚು ಬರೆದರೆ, ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ನೇರವಾಗಿ ಯಜಮಾನರ ಮೊಬೈಲಿಗೆ, ಮೇಲ್‌ಗೆ ಬರಲಿ. ವಾರಕ್ಕೆ ಅರ್ಧ ಗಂಟೆ ಅದನ್ನು ಸಾಲು ಸಾಲಾಗಿ ಓದುವ ಯಜಮಾನನಿಗಿಂತ ಅಗ್ಗದ ಪರಿಶೋಧಕ ಬೇರೊಬ್ಬನಿಲ್ಲ. ಬಾಕಿದಾರರಿಗೆ ತಿಂಗಳಿಗೊಮ್ಮೆ ಯಜಮಾನರೇ ಫೋನ್ ಮಾಡಿ, ನಮ್ಮ ಲೆಕ್ಕದಲ್ಲಿ ನಿಮ್ಮ ಬಾಕಿ ಇಷ್ಟಿದೆ, ಸರಿಯೇ ಎಂದು ಕೇಳಿದರೆ ವಸೂಲಿಯ ಮೋಸ ಎರಡನೇ ತಿಂಗಳಿಗೇ ಬಯಲಾಗುತ್ತದೆ. ಎಸಿಎಫ್‌ಇ ಜಗತ್ತಿನ ಸಾವಿರಾರು ಪ್ರಕರಣಗಳನ್ನು ನೋಡಿ ಹೇಳುವಂತೆ, ಒಳಗಿನ ವಂಚನೆಯೊಂದು ಪತ್ತೆಯಾಗುವ ಹೊತ್ತಿಗೆ ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಳೆದಿರುತ್ತದೆ. ಹನ್ನೆರಡು ತಿಂಗಳ ಸೋರಿಕೆಯನ್ನು ಎರಡು ತಿಂಗಳಿಗೆ ಇಳಿಸುವುದು ಯಾವ ಖರ್ಚು ಕಡಿತಕ್ಕೂ ಕಡಿಮೆಯಲ್ಲ.

ಎರಡನೆಯ ಆಕ್ಷೇಪ ಮನಸ್ಸಿಗೆ ಸಂಬಂಧಿಸಿದ್ದು, ಅದಕ್ಕೇ ಹೆಚ್ಚು ಆಳವಾದದ್ದು. ಇಪ್ಪತ್ತು ವರ್ಷದಿಂದ ಮನೆಯವರಂತೆ ದುಡಿದವರನ್ನು, ಅದೂ ಎಲ್ಲರೂ ಕೆಲಸ ಹೋಗುವ ಭಯದಲ್ಲಿರುವಾಗ, ಅನುಮಾನಿಸಿದರೆ ಉಳಿಯುವುದೇನು? ನಮ್ಮ ಊರುಗಳ ವ್ಯಾಪಾರ ನಿಂತಿರುವುದೇ ನಂಬಿಕೆಯ ಮೇಲೆ. ಆದರೆ ನಂಬಿಕೆಗೂ ತಾಳೆ ನೋಡುವುದಕ್ಕೂ ವಿರೋಧವಿಲ್ಲ. ಅಣ್ಣತಮ್ಮಂದಿರ ನಡುವೆಯೂ ಲೆಕ್ಕ ಲೆಕ್ಕವೇ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಪ್ರೀತಿ ಕಡಿಮೆಯಾಗಿ ಅಲ್ಲ, ಪ್ರೀತಿ ಉಳಿಯಲೆಂದು. ಅಂಕಿಅಂಶವೂ ಒಂದು ಕಹಿ ಮಾತು ಹೇಳುತ್ತದೆ: ವಂಚಕರಲ್ಲಿ ಹಳೆಯ ನೌಕರರು ಮಾಡುವ ನಷ್ಟ ಹೊಸಬರದಕ್ಕಿಂತ ಹೆಚ್ಚು, ಬಹುಶಃ ಹಳಬರ ಕೆಲಸವನ್ನು ಯಾರೂ ನೋಡದಿರುವುದರಿಂದ. ಕ್ರೆಸಿ ಮಾತನಾಡಿಸಿದವರೂ ಹುಟ್ಟು ಕಳ್ಳರಲ್ಲ, ನಂಬಿಕೆ ಗಳಿಸಿದ್ದವರು. ಒತ್ತಡದ ಒಂದು ರಾತ್ರಿ, ಬೀಗವಿಲ್ಲದ ಗಲ್ಲಾಪೆಟ್ಟಿಗೆಯ ಎದುರು ಒಬ್ಬರನ್ನೇ ಕೂರಿಸುವುದು ಅವರ ಮೇಲಿನ ನಂಬಿಕೆಯಲ್ಲ, ಅವರಿಗೆ ಒಡ್ಡಿದ ಪರೀಕ್ಷೆ. ಮತ್ತೂ ಒಂದಿದೆ. ಹಣ ಕಾಣೆಯಾದಾಗ ತಾಳೆಯ ದಾಖಲೆ ಇಲ್ಲದಿದ್ದರೆ ಅನುಮಾನ ಎಲ್ಲರ ಮೇಲೂ ಬೀಳುತ್ತದೆ, ಪ್ರಾಮಾಣಿಕರ ಮೇಲೆ ಎಲ್ಲರಿಗಿಂತ ಭಾರವಾಗಿ ಬೀಳುತ್ತದೆ. ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ, ಯಜಮಾನನ ಮಗನ ಬಿಲ್ಲಿಗೂ ಎರಡನೇ ಸಹಿ ಬೇಕು ಎಂದಿದ್ದರೆ, ಅದರಲ್ಲಿ ಅವಮಾನವಿಲ್ಲ. ಸೂಕ್ಷ್ಮ ಹುದ್ದೆಗಳಲ್ಲಿರುವ ಬ್ಯಾಂಕ್ ಸಿಬ್ಬಂದಿ ವರ್ಷಕ್ಕೊಮ್ಮೆ ಕನಿಷ್ಠ ಹತ್ತು ಕೆಲಸದ ದಿನ ಕಡ್ಡಾಯ ರಜೆಯ ಮೇಲೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿರುವುದು ಈ ತಿಳಿವಳಿಕೆಯಿಂದಲೇ. ಆ ಹತ್ತು ದಿನ ಬೇರೆಯವರು ಆ ಕುರ್ಚಿಯಲ್ಲಿ ಕೂರುತ್ತಾರೆ. ಮುಚ್ಚಿಟ್ಟದ್ದಿದ್ದರೆ ಹೊರಬರುತ್ತದೆ, ಇಲ್ಲದಿದ್ದರೆ ದುಡಿದವರಿಗೆ ವಿಶ್ರಾಂತಿ ಸಿಗುತ್ತದೆ.

ಕಾನೂನಿದೆ, ಆಡಿಟರ್ ಇದ್ದಾರೆ, ಅವರು ಹಿಡಿಯುತ್ತಾರೆ ಎಂಬುದು ಮೂರನೆಯ ಆಕ್ಷೇಪ. ಸತ್ಯಂನಿಂದ ದೇಶ ಪಾಠ ಕಲಿತದ್ದು ನಿಜ. 2013ರ ಕಂಪನಿ ಕಾಯ್ದೆ ಲೆಕ್ಕಪರಿಶೋಧಕರ ಬದಲಾವಣೆಯನ್ನು ಕಡ್ಡಾಯ ಮಾಡಿತು, ವಂಚನೆ ಕಂಡರೆ ಅವರು ವರದಿ ಮಾಡಲೇಬೇಕೆಂದಿತು, ಪಟ್ಟಿಯಾದ ಕಂಪನಿಗಳಲ್ಲಿ ದೂರು ಹೇಳುವವರಿಗೆ ರಕ್ಷಣೆಯ ವ್ಯವಸ್ಥೆ ಇರಬೇಕೆಂದಿತು. 2023ರ ಏಪ್ರಿಲ್‌ನಿಂದ ಕಂಪನಿಗಳ ಲೆಕ್ಕಪತ್ರದ ಸಾಫ್ಟ್‌ವೇರ್ ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ಉಳಿಸಬೇಕು. ಆದರೆ ಮಾಲೀಕರೊಬ್ಬರೇ ನಡೆಸುವ ಅಂಗಡಿ, ಪಾಲುದಾರಿಕೆಯ ಘಟಕಗಳು ಈ ಕಾಯ್ದೆಯ ಹೊರಗಿವೆ. ಇನ್ನು ಹೊರಗಿನ ಆಡಿಟ್‌ನಿಂದ ಮೊದಲು ಪತ್ತೆಯಾಗುವ ವಂಚನೆ, ಎಸಿಎಫ್‌ಇ ವರದಿಗಳ ಪ್ರಕಾರ, ನೂರಕ್ಕೆ ಮೂರು-ನಾಲ್ಕು ಮಾತ್ರ. ಹಾಗಾದರೆ ಹಿಡಿಯುವವರು ಯಾರು? ನೂರಕ್ಕೆ 43ರಷ್ಟು ಪ್ರಕರಣ ಬಯಲಾಗುವುದು ಯಾರೋ ಸುಳಿವು ಕೊಟ್ಟದ್ದರಿಂದ. ಹಾಗೆ ಸುಳಿವು ಕೊಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದೇ ಸಂಸ್ಥೆಯ ನೌಕರರು. ಅಮೆರಿಕದಲ್ಲಿ ದೂರಸಂಪರ್ಕ ಉದ್ಯಮ ಕುಸಿದಿದ್ದಾಗ, 2002ರಲ್ಲಿ, ವರ್ಲ್ಡ್‌ಕಾಮ್‌ನ ಖರ್ಚನ್ನು ಆಸ್ತಿ ಎಂದು ಬರೆದು ಲಾಭ ತೋರಿಸಿದ್ದನ್ನು ಹೊರಗೆಳೆದವರು ಅಲ್ಲಿನ ಒಳ ಪರಿಶೋಧಕಿ ಸಿಂಥಿಯಾ ಕೂಪರ್. ಆಡಿಟ್ ಮುಂದೂಡಿ ಎಂದು ಹಣಕಾಸು ಮುಖ್ಯಸ್ಥರು ಕೇಳಿದರೂ ಅವರ ತಂಡ ರಾತ್ರಿ ಕೂತು ಲೆಕ್ಕ ಜಾಲಾಡಿತು. ಕೆಲಸ ಹೋಗುವ ಭಯವಿರುವ ಹಿಂಜರಿತದಲ್ಲಿ ಜನ ಬಾಯಿ ಬಿಡುವುದು ಕಷ್ಟ. ಆದ್ದರಿಂದ ಆ ಕಾಲದಲ್ಲೇ ಯಜಮಾನ ತಾನಾಗಿ ಹೇಳಬೇಕು: ಅನುಮಾನ ಬಂದರೆ ನನಗೇ ನೇರವಾಗಿ ತಿಳಿಸಿ, ತಪ್ಪಾದ ಅನುಮಾನವಾದರೂ ನಿಮ್ಮ ಕೆಲಸಕ್ಕೆ ಧಕ್ಕೆಯಿಲ್ಲ. ಹೇಳಿದಂತೆ ನಡೆದುಕೊಳ್ಳಲೂ ಬೇಕು.

ಬೇಲಿಯೇ ಎದ್ದು ಹೊಲ ಮೇಯ್ದರೆ? ಇದು ಕೊನೆಯ ಮತ್ತು ಅತಿ ಕಷ್ಟದ ಪ್ರಶ್ನೆ, ಏಕೆಂದರೆ ಸತ್ಯಂನಲ್ಲಿ ಆದದ್ದು ಅದೇ. ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ನಡುವಿನ ಅಂತರ ಮೊದಲಿಗೆ ಅಂಚಿನಷ್ಟಿತ್ತು, ಮುಂದೆ ಕೈಮೀರಿತು ಎಂದು ರಾಜು ತಮ್ಮ ಪತ್ರದಲ್ಲಿ ಬರೆದಿದ್ದರು. ಹುಲಿಯ ಬೆನ್ನೇರಿದವನು ಇಳಿಯಲಾರದ ಸ್ಥಿತಿಗೆ ಅದನ್ನು ಹೋಲಿಸಿದ್ದರು. ಹಿಂಜರಿತದಲ್ಲಿ ಸಣ್ಣ ಉದ್ಯಮಿಯ ಮುಂದೆಯೂ ಆ ಹುಲಿ ಬಂದು ನಿಲ್ಲುತ್ತದೆ. ಬ್ಯಾಂಕಿನ ಸಾಲದ ಮಿತಿ ಉಳಿಸಿಕೊಳ್ಳಲು ಗೋದಾಮಿನ ದಾಸ್ತಾನನ್ನು ಸ್ವಲ್ಪ ಹೆಚ್ಚಿಸಿ ಬರೆಯುವುದು, ಬಾರದ ಬಾಕಿಯನ್ನು ಬರುವ ಬಾಕಿ ಎಂದು ತೋರಿಸುವುದು, ಮುಂದಿನ ತಿಂಗಳ ಮಾರಾಟವನ್ನು ಈ ತಿಂಗಳಿಗೆ ಎಳೆಯುವುದು. ಈ ತಿದ್ದುಪಡಿಗಳನ್ನು ಬರೆಯುವ ಕೈ ನೌಕರನದೇ. ಬ್ಯಾಂಕಿಗೆ ಸುಳ್ಳು ಹೇಳಲು ಯಜಮಾನನಿಂದ ಕಲಿತವನಿಗೆ ಯಜಮಾನನಿಗೂ ಸುಳ್ಳು ಹೇಳಬಹುದೆಂದು ಹೊಳೆಯಲು ತಡವಾಗುವುದಿಲ್ಲ. ದೂರು ಕೊಡುವ ನೈತಿಕ ಬಲ ಯಜಮಾನನಿಗೂ ಉಳಿಯುವುದಿಲ್ಲ. ಆದ್ದರಿಂದ ಎರಡನೇ ಕಣ್ಣಿನ ನಿಯಮ ಮೇಲಿನಿಂದ ಶುರುವಾಗಬೇಕು. ನಷ್ಟವನ್ನು ನಷ್ಟ ಎಂದೇ ಬರೆದು, ಸಾಲದ ಕಂತಿನ ಮರುಹೊಂದಾಣಿಕೆಗೆ ಬ್ಯಾಂಕಿನ ಮುಂದೆ ಕೂರುವುದು ಕಷ್ಟ. ಆದರೆ ಅಲ್ಲಿಂದ ಎದ್ದು ಬರುವ ದಾರಿಯಿದೆ.

ಸತ್ಯಂ ಎದ್ದು ಬಂದದ್ದೂ ಲೆಕ್ಕವನ್ನು ಬೇರೆಯವರ ಕಣ್ಣಿಗೆ ಒಡ್ಡಿದ ಮೇಲೆಯೇ. ಪತ್ರ ಹೊರಬಿದ್ದ ಕೆಲವೇ ದಿನಗಳಲ್ಲಿ ಸರ್ಕಾರ ಹಳೆಯ ಮಂಡಳಿಯನ್ನು ಬದಿಗೆ ಸರಿಸಿ ಹೊಸಬರನ್ನು ಕೂರಿಸಿತು, ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರ ಅದನ್ನು ಕೊಂಡಿತು, ಸಾವಿರಾರು ಮಂದಿಯ ಕೆಲಸ ಉಳಿಯಿತು. ಅಂಥ ರಕ್ಷಣೆ ಹತ್ತು ಜನರ ಘಟಕಕ್ಕೆ ಬರುವುದಿಲ್ಲ. ಅದು ತನ್ನನ್ನು ತಾನೇ ಕಾದುಕೊಳ್ಳಬೇಕು. ಅದಕ್ಕೆ ಹಿಂಜರಿತವೇ ಒಂದು ಅನುಕೂಲವನ್ನೂ ಕೊಡುತ್ತದೆ. ಆರ್ಡರುಗಳ ಗಡಿಬಿಡಿಯಲ್ಲಿ ಸಿಗದ ಬಿಡುವು ಈಗ ಸಿಗುತ್ತದೆ: ಪೂರೈಕೆದಾರರ ಪಟ್ಟಿಯನ್ನು ಹೆಸರು ಹೆಸರಾಗಿ ಓದಲು, ಗೋದಾಮನ್ನು ಪೂರ್ತಿ ಎಣಿಸಲು, ಯಾರ ಬಳಿ ಯಾವ ಪಾಸ್‌ವರ್ಡ್ ಇದೆ ಎಂದು ಬರೆದಿಡಲು. ಕೆರೆಯ ಹೂಳೆತ್ತುವುದು, ತೂಬು ದುರಸ್ತಿ ಮಾಡುವುದು ಬೇಸಿಗೆಯಲ್ಲೇ. ತುಂಬಿದ ಕೆರೆಗೆ ಯಾರೂ ಇಳಿಯಲಾರರು. ನೀರು ಇಳಿದ ಈ ದಿನಗಳಲ್ಲಿ ಖರ್ಚು ಉಳಿಸಲೆಂದು ನೀರುಗಂಟಿಯನ್ನೇ ಮನೆಗೆ ಕಳಿಸಿದರೆ, ಮುಂದಿನ ಮಳೆ ಎಷ್ಟು ಚೆನ್ನಾಗಿ ಬಂದರೂ ಕೆರೆಯಲ್ಲಿ ನಿಲ್ಲುವುದಿಲ್ಲ.